ಅಮ್ಮನ ಪ್ರಾರ್ಥನೆಯ ಉಳಿದ ಭಾಗ

ಬೇಸಿಗೆ ಬಂತೆಂದರೆ ಸಾಕು, ಜನರಿಗೆ ತಮ್ಮ ಮನೆಯಲ್ಲೊಂದು ಫ್ಯಾನ್ ಇದೆ ಅನ್ನೋದು ನೆನಪಾಗುತ್ತದೆ. ವರ್ಷವಿಡೀ ಅದು ಗರಗರ ಅಂದರೂ ಕಿವಿಗೆ ಹಾಕಿಕೊಳ್ಳದವರು, ಸುಟ್ಟು ನಿಂತ ದಿನ ಬೀದಿಯ ಮೂಲೆಯ ರಿಪೇರಿ ಅಂಗಡಿಗೆ ಹೊತ್ತು ತಂದು, "ಸಂಜೆಗೇ ಬೇಕು, ಮನೇಲಿ ಮಗು ಇದೆ" ಅನ್ನುತ್ತಾರೆ. ಮಗು ಇಲ್ಲದವರೂ ಹಾಗೇ ಅನ್ನುತ್ತಾರೆ. ಅಂಗಡಿಯವನನ್ನು ಬೀದಿಯವರೆಲ್ಲ ಫ್ಯಾನಣ್ಣ ಎಂದೇ ಕರೆಯುತ್ತಿದ್ದರು. ಕೋಪ ಅವನಿಗೆ ಮೂಗಿನ ತುದಿಯಲ್ಲೇ.

ಕೋಪ ಬರದೆ ಇನ್ನೇನು? ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಎಣಿಸುತ್ತಲೇ ಸುತ್ತಬೇಕು. ನಡುವೆ ಯಾರಾದರೂ ಮಾತಾಡಿಸಿದರೋ ಲೆಕ್ಕ ತಪ್ಪಿತು, ಬಿಚ್ಚಿ ಮೊದಲಿಂದ ಶುರು. ಸರಿಯಾಗಿ ಅದೇ ಹೊತ್ತಿಗೆ ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿ, "ಊಟಕ್ಕೆ ಬನ್ರೀ, ಅತ್ತೆ ಕಾಯ್ತಿದ್ದಾರೆ" ಅಂತ ಕೂಗುವಳು. ಊಟಕ್ಕೇನೂ ಹೊತ್ತು ಹಿಡಿಯುತ್ತಿರಲಿಲ್ಲ. ಹೊತ್ತು ಹಿಡಿಯುತ್ತಿದ್ದುದು ಊಟದ ಮುಂಚಿನ ಅಮ್ಮನ ಪ್ರಾರ್ಥನೆ.

ಪಕ್ಕದ ಮನೆಯಾಕೆಯ ಮಂಡಿನೋವು, ಎದುರುಮನೆ ಹುಡುಗಿಯ ಪರೀಕ್ಷೆ, ಹಾಲಿನವನ ಕೆಟ್ಟ ಸೈಕಲ್ಲು, ಸರ್ಕಾರಕ್ಕೆ ಒಳ್ಳೆ ಬುದ್ಧಿ, ಒಂದನ್ನೂ ಬಿಡುತ್ತಿರಲಿಲ್ಲ ಮಹಾತಾಯಿ. ಪಾಸ್ಟರ ಆರೋಗ್ಯದ ತನಕ ಬರುವಷ್ಟರಲ್ಲಿ ಮಗನ ತಾಳ್ಮೆ ಮುಗಿದು, "ಆಮೆನ್" ಎಂದು ಗೋಡೆ ಅದುರುವಂತೆ ಹೇಳಿ ತಟ್ಟೆಗೆ ಕೈ ಹಾಕಿಬಿಡುತ್ತಿದ್ದ. ಅಮ್ಮ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಒಂದು ದಿನವೂ ಅದಕ್ಕೆ ಮುನಿಸಿಕೊಂಡವಳಲ್ಲ.

ಈ ಬೇಸಿಗೆಯಲ್ಲಿ ಅಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಸೋಮವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು, ಜೀವ ಉಳಿಯುತ್ತೆ, ದನಿ ಉಳಿಯಲ್ಲ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಮನೆಯಲ್ಲಿ ಯಾರಾದರೂ ಆ ಮಾತೆತ್ತಿದರೆ ಇವನು, "ಅಲ್ಲಿ ರಾಶಿ ಕೆಲಸ ಬಿದ್ದಿದೆ" ಎಂದು ಎದ್ದು ಹೋಗುತ್ತಿದ್ದ. ಹೆದರಿಕೆ ಅವನಿಗೆ. ಅದನ್ನು ಹೇಳಿಕೊಳ್ಳಲು ಬಾರದೆ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದ.

ಭಾನುವಾರ ಆರಾಧನೆಯಲ್ಲಿ ಪಾಸ್ಟರು, ಓಡೋದು ನಿಲ್ಲಿಸಿ, ದೇವರ ಮುಂದೆ ಸುಮ್ಮನೆ ಕೂತುಕೊಳ್ಳಿ ಎಂದು ನಿಧಾನವಾಗಿ ಬಹಳ ಹೊತ್ತು ಬೋಧಿಸಿದರು. ಆಮೇಲೆ ಬಾಗಿಲ ಬಳಿ ಇವನ ಕೈಕುಲುಕಿ, "ಏನಪ್ಪಾ, ನಮ್ಮ ಫ್ಯಾನ್ ಇವತ್ತು ಸಿಗುತ್ತಾ?" ಎಂದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಪ್ಯಾಂಟೂ ಬದಲಿಸದೆ ಅಂಗಡಿಯಲ್ಲಿ ತಂತಿ ಹಿಡಿದು ಕೂತ.

ಹೆಂಡತಿ ಈ ಸಲ ಕೂಗಲಿಲ್ಲ, ಎದುರಿಗೇ ಬಂದು ನಿಂತಳು. "ನಾಳೆ ಈ ಹೊತ್ತಿಗೆ ಅತ್ತೆಗೆ ಮಾತಿರಲ್ಲ. ಇವತ್ತೊಂದಿನ ಪೂರ್ತಿ ಕೇಳಿಸ್ಕೊಳ್ಳಿ. ಬೀದಿಯವರು ಬೆವತ್ರೆ ಬೆವರ್ಲಿ."

ಲೆಕ್ಕ ತಪ್ಪಿತು. ಅವನು ತಂತಿಯನ್ನು ಬೆಂಚಿನ ಮೇಲೆ ಎಸೆದು, ಷಟರ್ ಎಳೆದು ಒಳಗೆ ಹೋದ.

ಅಮ್ಮ ಶುರು ಮಾಡಿದಳು. ದನಿ ಆಗಲೇ ಗೊಗ್ಗರಾಗಿತ್ತು. ಮಂಡಿನೋವು ಬಂತು, ಪರೀಕ್ಷೆ ಬಂತು. ಯಾರೋ ಷಟರ್ ಬಡಿದು, "ಫ್ಯಾನಣ್ಣಾ, ಮನೇಲಿ ಮಗು ಇದೆ" ಎಂದರು. ಅವನು ಹಲ್ಲು ಕಚ್ಚಿ ಕೂತ. ಸೈಕಲ್ಲು, ಸರ್ಕಾರ ಎಲ್ಲ ದಾಟಿ ಪಾಸ್ಟರ ಆರೋಗ್ಯ ಬಂತು. ಅಮ್ಮ ನಿಲ್ಲಿಸಿದಳು. ಎಂದಿನ ಆಮೆನ್ ಬಾರದ್ದಕ್ಕೆ ಮೆಲ್ಲಗೆ ಒಂದೇ ಕಣ್ಣು ತೆರೆದು ಮಗನನ್ನು ನೋಡಿದಳು.

"ಯಾಕೋ, ಹುಷಾರಿಲ್ವಾ?"

"ನೀನು ಮುಂದುವರಿಸಮ್ಮ."

"ಮುಂದಿರೋದು ನಿನ್ನ ವಿಷಯಾನೇ ಕಣೋ. ನೀನು ಯಾವತ್ತು ಅಲ್ಲಿ ತನಕ ಬಿಟ್ಟಿದ್ದೀಯ? ಮನಸ್ಸಲ್ಲೇ ಹೇಳ್ಕೊಂಡು ಊಟ ಮಾಡ್ತಿದ್ದೆ. ಬಾಯಿಬಿಟ್ಟು ಹೇಳಿ ಅದೆಷ್ಟು ಕಾಲ ಆಯ್ತೋ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಹೇಳು ಮತ್ತೆ" ಎಂದ. ಹಾಳು ಬಾಯಿ, ಅದೂ ಗದರಿದಂತೆಯೇ ಬಂತು.

ಅಮ್ಮ ಕಣ್ಣು ಮುಚ್ಚಿದಳು. "ಕರ್ತನೇ, ಇವನು ನನ್ನ ಮಗ. ಸಿಡುಕ, ನಿನಗೆ ಗೊತ್ತೇ ಇದೆ. ಊರಿಗೆಲ್ಲ ಗಾಳಿ ಮಾಡ್ಕೊಟ್ಟು ತಾನು ಬೆವರಲ್ಲಿ ಕೂತಿರ್ತಾನೆ. ನಾಳೆ ವಿಷಯಕ್ಕೆ ನನಗಿಂತ ಇವನೇ ಹೆದರ್ಕೊಂಡಿದ್ದಾನೆ. ಯಾರ್ ಹತ್ರನೂ ಹೇಳಲ್ಲ. ಸ್ವಲ್ಪ ಹೊತ್ತು ಇವನ ಪಕ್ಕ ಕೂತ್ಕೋ, ಸ್ವಾಮಿ. ಇವನು ಎದ್ದು ಹೋಗು ಅಂತಾನೆ, ನೀನು ಹೋಗ್ಬೇಡ."

ಷಟರ್ ಬಡಿಯುತ್ತಿದ್ದವರು ಬೇಸತ್ತು ಹೋಗಿದ್ದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ತಲೆ ಎತ್ತಲಿಲ್ಲ.

"ಆಮೆನ್ ಅನ್ನೋ, ಊಟ ಆರಿಹೋಗ್ತಿದೆ" ಎಂದು ಈಗ ಅಮ್ಮನೇ ಸಿಡುಕಿದಳು.

"ಆರ್ಲಿ ಬಿಡಮ್ಮ. ಇನ್ನೊಂದ್ಸಲ ಹೇಳು."

"ಒಳ್ಳೆ ಗೋಳು ನಿಂದು" ಎಂದು ಗೊಣಗಿ ಅಮ್ಮ ಮತ್ತೆ ಕಣ್ಣು ಮುಚ್ಚಿದಳು. ಗಾಳಿ, ಬೆವರಿನ ತನಕ ದನಿ ಬಂತು. ಆಮೇಲೆ ಬರೀ ತುಟಿ ಅಲ್ಲಾಡಿತು. ಅವನು ಕುರ್ಚಿ ಹತ್ತಿರಕ್ಕೆಳೆದುಕೊಂಡು ಆ ತುಟಿಗಳನ್ನೇ ನೋಡುತ್ತಾ ಕೂತ. ಅಮ್ಮ ಏನು ಹೇಳುತ್ತಿದ್ದಾಳೆಂದು ಅವನಿಗೆ ಒಂದೊಂದು ಮಾತೂ ತಿಳಿಯುತ್ತಿತ್ತು.