ಎಮ್ಮೆಲ್ಲೆ ಮನೆಯ ಒಲೆ

ನಮ್ಮ ಬಾವ ಮಹಾಲಿಂಗಂ ಎರಡು ಸಲ ಎಮ್ಮೆಲ್ಲೆಯಾದರು. ಎರಡು ಸಲವೂ ಗೆಲ್ಲಿಸಿದ್ದು ಹೊಗೆ. ನೀಲಗಿರಿಯ ಕೋತಗಿರಿ ಸುತ್ತಿನ ಚಹಾ ಫ್ಯಾಕ್ಟರಿಗಳು ಹಸಿ ಸೌದೆ ಉರಿಸಿ ಹಟ್ಟಿಗಳ ಮೇಲೆಲ್ಲ ಮಸಿ ಸುರಿಯುತ್ತಿದ್ದವು. ಬಾವ ಚೆನ್ನೈಗೆ ಹೋಗಿ ವಿಧಾನಸಭೆಯಲ್ಲಿ ಗಂಟಲು ಹರಿದುಕೊಂಡರು. ಚಿಮಣಿಗಳಿಗೆ ಹೊಗೆ ಸೋಸುವ ಯಂತ್ರ ಕೂರಿಸುವವರೆಗೆ ಅಧಿಕಾರಿಗಳ ಬೆನ್ನು ಬಿಡಲಿಲ್ಲ. ಮಳೆ ಹದ ತಪ್ಪುತ್ತಿದೆ, ಕಾಡು ಕಡಿಯಬೇಡಿ ಎಂದು ಗದರಿದವರೂ ಅವರೇ. ಒಳ್ಳೆಯ ಕೆಲಸ, ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು.

ಆದರೆ ದೂರು ಹೊತ್ತು ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮ ಹಟ್ಟಿಯಲ್ಲಿಲ್ಲ. ದಿನಕ್ಕೆ ಐವತ್ತು ಲೋಟ ಚಹಾ. ಕಾಯಿಸುವವಳು ನನ್ನ ಅಕ್ಕ ಲಿಂಗಿ. ತೋಟದಲ್ಲಿ ಕತ್ತರಿಸಿ ಹಾಕಿದ ಚಹಾ ಗಿಡದ ಕಡ್ಡಿಗಳೇ ಸೌದೆ, ಅಡುಗೆಮನೆಗೆ ಅಂಗೈಯಗಲದ ಕಿಟಕಿ. ಗ್ಯಾಸ್ ಇರಲಿಲ್ಲವೇ? ಇತ್ತು. ಬಾವ ಮಹರಾಯರಿಗೆ ಅದರ ರುಚಿ ಹಿಡಿಸುತ್ತಿರಲಿಲ್ಲ.

"ಗ್ಯಾಸ್‌ಲೆ ಕಾಸಿದ್ದೂ ಒಂದು ಟೀಯಾ, ಲಿಂಗಿ? ಹಟ್ಟಿ ಜನ ಬಂದಾರೆ, ಒಲೆಲೆ ಕಾಸು."

ಬಂದವರೂ ಆಹಾ ಎಂದು ಇನ್ನೊಂದು ಲೋಟಕ್ಕೆ ಕೈ ಚಾಚುವರು. ಅಯ್ಯೋ ಪುಣ್ಯಾತ್ಮರೇ, ನೀವು ಬಂದದ್ದು ಹೊಗೆಯ ದೂರು ಹೇಳಲು ಅಲ್ಲವೇ! ಒಳಗೆ ಅಕ್ಕ ಕೆಮ್ಮುತ್ತಿದ್ದಳು. ಕೇಳಿದರೆ "ಏನಿಲ್ಲೆ" ಎನ್ನುವಳು. ಯಾರನ್ನು ಬೈಯಲಿ? ಅವಳ ಪಕ್ಕದಲ್ಲೇ ಕೂತು ಎರಡೆರಡು ಲೋಟ ಕುಡಿದವಳು ನಾನು.

ಕಳೆದ ಜನವರಿಯಲ್ಲಿ ಅಕ್ಕನಿಗೆ ನಾಲ್ಕು ಮೆಟ್ಟಿಲು ಹತ್ತಲೂ ಉಸಿರು ಸಾಲದಾಯಿತು. ಕೊಯಮತ್ತೂರಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಎಕ್ಸ್‌ರೇ ನೋಡಿ, "ಶ್ವಾಸಕೋಶ ಪೂರ್ತಿ ಹಾಳಾಗಿದೆ. ಯಾವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು?" ಎಂದರು.

ಹೊಗೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ಬಾವ ಇಷ್ಟೇ ಹೇಳಿದರು: "ಫ್ಯಾಕ್ಟರಿ ಇಲ್ಲೆ ಡಾಕ್ಟರ್. ನನ್ನ ಮನೆ. ಇಪ್ಪತ್ತೆರಡು ವರ್ಷ."

ಮಂಚದ ಮೇಲಿದ್ದ ಅಕ್ಕ ಮೂಗಿನ ಮಾಸ್ಕ್ ಕಿತ್ತಳು. "ಅವರ ಮಾತು ಕೇಳಬೇಡಿ... ನನಗೆ ಚಿಕ್ಕಂದಿಲೇ... ಉಬ್ಬಸ ಇತ್ತು," ಎಂದಳು.

ಸುಳ್ಳು. ಹುಡುಗಿಯಾಗಿದ್ದಾಗ ಗುಡ್ಡ ಹತ್ತುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಉಳಿದಿದ್ದ ಅಷ್ಟಿಷ್ಟು ಉಸಿರನ್ನೂ ಗಂಡನ ಮಾನ ಕಾಯಲು ಸುರಿದುಬಿಟ್ಟಳು, ಹುಚ್ಚಿ.

ಹನ್ನೊಂದನೆಯ ದಿನ ತೀರಿಕೊಂಡಳು. ಹಟ್ಟಿ ಪೂರ್ತಿ ನೆರೆದಿದ್ದಾಗ ಬಾವ ನನ್ನ ಕೈ ಹಿಡಿದು, "ನಾನೇ ಕೊಂದೆ, ಅಲ್ಲವಾ?" ಎಂದು ಮಗುವಿನಂತೆ ಅತ್ತರು.

ಅಲ್ಲ ಎನ್ನಬೇಕಿತ್ತು. ನನ್ನಿಂದ ಆಗಲಿಲ್ಲ.