ನನ್ನ ಅಂಕದ ವಹಿಯಲ್ಲಿ ಇಲ್ಲದ ಕ್ಯಾಸೆಟ್ಟು

ಒಂದು ಒಳ್ಳೆಯ ಹಾಡನ್ನು ಇನ್ನೊಬ್ಬರಿಗೆ ಕೇಳಿಸುವವರನ್ನು ನೀವು ಗಮನಿಸಿರಬಹುದು. ಅವರು ಹಾಡು ಕೇಳುವುದಿಲ್ಲ. ಕೇಳುವವರ ಮುಖ ನೋಡುತ್ತಾರೆ. ಆಲಾಪ ಮೇಲೇರುವ ಹೊತ್ತಿಗೆ ಸರಿಯಾಗಿ ನಿಮ್ಮ ಹುಬ್ಬೂ ಮೇಲೇರಬೇಕು, ತಾಳ ಸಮಕ್ಕೆ ಬಂದಾಗ ತಲೆ ಬಾಗಬೇಕು. ಇಂಥವರ ಕೈಗೆ ಸಿಕ್ಕವರು ಚಹಾ ಸೊರ್ರೆಂದು ಹೀರುವಂತಿಲ್ಲ, ಕೆಮ್ಮುವಂತಿಲ್ಲ, ಗಡಿಯಾರ ನೋಡುವುದಂತೂ ಮಹಾಪಾತಕ. ಇಷ್ಟು ವಿವರವಾಗಿ ನಾನು ಬಲ್ಲೆನೆಂದರೆ ಕಾರಣ ಸ್ಪಷ್ಟ, ನಾನೇ ಆ ಪಂಗಡದವನು. ಬೈಲಹೊಂಗಲದ ನಮ್ಮ ಮನೆಗೆ ಬಂದ ನೆಂಟರು, ಇದೊಂದು ಕೇಳಿರಿ ಎಂದು ನಾನು ಎದ್ದ ಕೂಡಲೇ ತಮ್ಮ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ. ಕಿತ್ತೂರಿನ ನನ್ನ ಹೆಂಡತಿಯ ತವರಿನವರಿಗೆ ನಮ್ಮೂರಿನ ಬಸ್ಸುಗಳ ವೇಳೆಯೆಲ್ಲ ಬಾಯಿಪಾಠವಾಗಿದ್ದರೆ ಅದರ ಶ್ರೇಯಸ್ಸು ನನಗೇ ಸಲ್ಲಬೇಕು.

ಕೇಳಿಸುವುದಷ್ಟೇ ಆಗಿದ್ದರೆ ಜನ ಕ್ಷಮಿಸುತ್ತಿದ್ದರು. ನಾನು ಅಂಕವನ್ನೂ ಕೊಡುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಗ್ರಂಥಾಲಯಗಳಲ್ಲಿ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸಿದವನಿಗೆ ವರ್ಗೀಕರಣವೆಂಬುದು ವೃತ್ತಿ ಬಿಟ್ಟ ಮೇಲೂ ಬಿಡದ ವ್ಯಾಧಿ. ಕೇಳಿದ ಪ್ರತಿಯೊಂದು ಆಲ್ಬಮ್ಮಿನ ಪ್ರಕಾರ, ಗುಣ, ದೋಷ, ಹತ್ತಕ್ಕೆ ಎಷ್ಟು ಎಂಬುದನ್ನೆಲ್ಲ ಒಂದು ಉದ್ದನೆಯ ವಹಿಯಲ್ಲಿ ದುಂಡಗೆ ಬರೆದಿಟ್ಟಿದ್ದೇನೆ. ಅಂಕ ಕೊಡೆಂದು ಯಾರೂ ಕೇಳಿರಲಿಲ್ಲ. ದೇಶದ ಅನೇಕ ಮಹಾನುಭಾವರು ತಾವು ಬೈಲಹೊಂಗಲದಲ್ಲಿ ನಪಾಸಾಗಿರುವುದನ್ನು ಅರಿಯದೆ ಸುಖವಾಗಿ ಹಾಡಿಕೊಂಡಿದ್ದಾರೆ.

ಹಿರಿಯ ಹಿಂದುಸ್ತಾನಿ ಗಾಯಕರೊಬ್ಬರ ಮಾರವಾ ರಾಗದ ಆಲ್ಬಮ್ಮಿಗೆ ಒಂಬತ್ತು ಕೊಟ್ಟಿದ್ದೇನೆ. ಮೊದಲ ಬದಿಯ ವಿಲಂಬಿತದಲ್ಲಿ ಅವರು ಷಡ್ಜಕ್ಕೆ ಈಗ ಬಂದೆ, ಈಗ ಬಂದೆ ಎನ್ನುತ್ತ ನಮ್ಮನ್ನು ಕಾಯಿಸುವ ರೀತಿಗೆ ಹತ್ತೂ ಸಲ್ಲಬೇಕು. ಆದರೆ ಎರಡನೆಯ ಬದಿಯ ದ್ರುತದಲ್ಲಿ ಹೊರಗೆ ಯಾರೋ ಗಾಡಿ ನಿಲ್ಲಿಸಿಕೊಂಡು ಕರೆಯುತ್ತಿದ್ದಾರೆಂಬಂತೆ ಅವಸರ ಮಾಡಿದ್ದಾರೆ, ಅದಕ್ಕೊಂದು ಕಳೆದೆ. ಬೆಳಗಾವಿಯ ಸೋದರತ್ತೆಯ ಮನೆಯಿಂದ ಬಂದ ಮರಾಠಿ ನಾಟ್ಯಸಂಗೀತಕ್ಕೆ ಎಂಟು. ನಾಯಕಿ ದುಃಖ ಎಷ್ಟೇ ಉಕ್ಕಿ ಬಂದರೂ ಒಂದು ತಾನ್ ಹಾಕದೆ ಅಳುವುದಿಲ್ಲವಲ್ಲ, ಆ ಗಾಂಭೀರ್ಯ ನನಗೆ ಹಿಡಿಸಿತು. ಗಜಲಿನ ಒಂದು ಆಲ್ಬಮ್ಮಿಗೆ ಮಾತ್ರ ವಹಿಯಲ್ಲಿ ಎರಡು ಅಂಕಗಳಿವೆ. ನನ್ನ ಮೊದಲ ನೌಕರಿ ರಾಮದುರ್ಗದಲ್ಲಿ. ಪಕ್ಕದ ಮನೆಯ ನೇಕಾರ ಸಾಹೇಬರು ಮಗ್ಗ ನಡೆಸುತ್ತಲೇ ಅದನ್ನು ಟೇಪಿನಲ್ಲಿ ಹಚ್ಚುತ್ತಿದ್ದರು. ವಿರಹದ ಎರಡು ಸಾಲುಗಳ ನಡುವೆ ಲಾಳಿ ಅತ್ತಿಂದಿತ್ತ ಓಡಾಡಿ ಆ ನೋವಿಗೊಂದು ನೆಲೆ ಒದಗಿಸುತ್ತಿತ್ತು. ವರ್ಗವಾಗಿ ಬಂದ ಮೇಲೆ ಅದೇ ಆಲ್ಬಮ್ ಕೊಂಡು ಕೇಳಿದರೆ, ಗಾಯಕ ಪ್ರತಿ ಸಾಲಿಗೂ ನಿಟ್ಟುಸಿರು ಬಿಡುವುದಷ್ಟೇ ಎದ್ದು ಕಾಣುತ್ತಿತ್ತು. ಹಾಗಾಗಿ ‘ಮಗ್ಗದೊಡನೆ ಎಂಟು, ಮಗ್ಗವಿಲ್ಲದೆ ಆರು’ ಎಂದು ಬರೆದಿದ್ದೇನೆ.

ಈ ಅಂಕಗಳನ್ನು ಗಂಭೀರವಾಗಿ ಪರಿಗಣಿಸಿದವನು, ಎಂದರೆ ಒಂದನ್ನೂ ಒಪ್ಪದವನು, ನನ್ನ ಬಾಲ್ಯದ ಗೆಳೆಯ ಈರಪ್ಪ. ಪೇಟೆಯಲ್ಲಿ ಅವನದು ಅಜ್ಜನ ಕಾಲದಿಂದ ಬಂದ ಭಾಂಡೆ ಅಂಗಡಿ. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಈಚೆಗೆ ಸ್ಟೀಲಿನ ಡಬ್ಬಿಗಳು. ಕೊಡವನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಾರಿಸಿ, ನಾದ ಆರುವವರೆಗೆ ಕಿವಿಗೊಟ್ಟು, ಕಣ್ಣಿಗೆ ಕಾಣದ ಬಿರುಕನ್ನು ಹೇಳಬಲ್ಲವನು ಅವನು. ಜಗತ್ತು ಮೊಬೈಲಿಗೆ ಹೋದ ಮೇಲೂ ನಾನು ದಿನಾ ಬೆಳಿಗ್ಗೆ, ಗಿರಾಕಿಗಳು ಬರುವ ಮುನ್ನ, ಹಳೆಯ ಟೇಪನ್ನೂ ಒಂದು ಕ್ಯಾಸೆಟ್ಟನ್ನೂ ಹಿಡಿದು ಅವನ ಅಂಗಡಿಗೆ ಹೋಗುತ್ತಿದ್ದೆ. ಒಂದು ಬದಿ ಕೇಳುವುದು, ಒಂದು ಚಹಾ ಕುಡಿಯುವುದು, ಆಮೇಲೆ ಜಗಳ. ನೌಕರಿ ಪರವೂರಿನಲ್ಲಿದ್ದಾಗ ರಜೆಯ ದಿನಗಳಲ್ಲಾದರೂ ತಪ್ಪದ, ನಲವತ್ತು ವರ್ಷಗಳ ಕ್ರಮ ಇದು.

ಆ ಜಗಳಗಳನ್ನು ನೆನೆದರೆ ಈಗಲೂ ಉತ್ಸಾಹ ಬರುತ್ತದೆ. ವಚನ ಗಾಯನದ ಒಂದು ಆಲ್ಬಮ್ಮಿಗೆ, ಶರಣರೆಲ್ಲ ನೀರಿಲ್ಲದ ಬಾವಿಯೊಂದರಲ್ಲಿ ಸಭೆ ಸೇರಿದಷ್ಟು ಪ್ರತಿಧ್ವನಿಯಿದೆಯೆಂದು ನಾನು ಐದು ಕೊಟ್ಟಾಗ ಎರಡು ದಿನ ಚಹಾ ಬರಲಿಲ್ಲ. ಅಣ್ಣನ ಮಗಳು ತಂದುಕೊಟ್ಟ ಇಂಗ್ಲಿಷ್ ಗಿಟಾರಿನ ಆಲ್ಬಮ್ಮಿಗೆ ನಾನು ಉದಾರವಾಗಿ ಏಳು ಕೊಟ್ಟರೆ, ಹಾಡುವವನಿಗೆ ಯಾರ ಮೇಲೆ ಸಿಟ್ಟು ಎಂಬುದು ಕಡೆಯವರೆಗೂ ತಿಳಿಯುವುದಿಲ್ಲವೆಂದು ಅವನು ಎರಡಕ್ಕೆ ಇಳಿಸಿದ. ಉಗರಗೋಳದಲ್ಲಿ ಕೊಂಡ, ಜೋಗತಿಯರು ತಂತಿ ಮೀಟುತ್ತ ಹಾಡುವ ಚೌಡಿಕಿ ಪದಗಳ ಕ್ಯಾಸೆಟ್ಟಿನಲ್ಲಿ ಹಾಡುವಾಕೆ ನಡುವೆ ಒಮ್ಮೆ ಕೆಮ್ಮುತ್ತಾಳೆ. ನಾನು ಕೆಮ್ಮಿಗೆಂದು ಒಂದು ಕಳೆದಿದ್ದೆ. ಕೆಮ್ಮಿದ ಮೇಲೆ ಬಿಟ್ಟ ಸ್ವರವನ್ನೇ ಕೂದಲೆಳೆಯಷ್ಟೂ ತಪ್ಪದೆ ಹಿಡಿದದ್ದಕ್ಕೆ ಎರಡು ಕೂಡಿಸು ಎಂದು ಅವನು ಹಟ ಹಿಡಿದ; ಕೂಡಿಸಿದೆ, ಒಂಬತ್ತಾಯಿತು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳು ಎದೆಗೂಡು ನಡುಗುವಂತೆ ಹಚ್ಚುವ ಹಾಡುಗಳನ್ನು ನಾನು ‘ಅಪಾತ್ರ’ ಎಂದು ಬರೆದು ಮುಗಿಸಿದ್ದೆ. ಎರಡು ಟ್ರೇಲರಿನ ತುಂಬ ಕಬ್ಬು ಎಳೆದುಕೊಂಡು, ಕಾರ್ಖಾನೆಯ ಮುಂದೆ ದಿನಗಟ್ಟಲೆ ಪಾಳಿ ಹಚ್ಚುವವನಿಗೆ ನಿನ್ನ ಮಾರವಾ ಹಚ್ಚಿದರೆ ಟ್ರ್ಯಾಕ್ಟರು ಹಳ್ಳಕ್ಕೆ ಹೋಗುತ್ತದೆ ಎಂದು ಈರಪ್ಪ ವಾದಿಸಿದ. ‘ಅಪಾತ್ರ’ವನ್ನು ಹೊಡೆದುಹಾಕಿ ಐದು ಎಂದು ಬರೆಯಬೇಕಾಯಿತು.

ಇಂಥ ಈರಪ್ಪ ಎರಡು ವರ್ಷದ ಕೆಳಗೆ ಇದ್ದಕ್ಕಿದ್ದಂತೆ ನನ್ನ ಮಾತು ಒಪ್ಪತೊಡಗಿದ. ನಾನು ಏಳು ಎಂದರೆ ಏಳು, ನಾಲ್ಕು ಎಂದರೆ ನಾಲ್ಕು. ತಲೆಯಾಡಿಸುತ್ತಿದ್ದ, ನಗುತ್ತಿದ್ದ, ಹೌದು ಹೌದು ಎನ್ನುತ್ತಿದ್ದ. ನನಗಾದ ಆನಂದವನ್ನು ಏನೆಂದು ಹೇಳಲಿ? ನಲವತ್ತು ವರ್ಷದ ತಪಸ್ಸು ಫಲಿಸಿತು, ಕೊನೆಗೂ ಇವನಿಗೊಂದು ಅಭಿರುಚಿ ಬಂತು ಎಂದು ಮನೆಯಲ್ಲಿ ಹೇಳಿಕೊಂಡು ತಿರುಗಾಡಿದೆ. ಎರಡು ತಿಂಗಳು ನಾನು ಹೀಗೆ ಬೀಗುತ್ತಿದ್ದೆ. ಆಮೇಲೆ ಒಂದು ದಿನ ನನ್ನೆದುರಿಗೇ ದೊಡವಾಡದ ಹೆಣ್ಣುಮಗಳೊಬ್ಬಳು ಒಂದು ಕೊಡವನ್ನು ತಿರುಗಿ ತಂದಳು. ನೀರು ಜಿನುಗುತ್ತಿತ್ತು. ಈರಪ್ಪ ಅದನ್ನು ಬಾರಿಸಿದ, ಕಿವಿಗೆ ಹತ್ತಿರ ಹಿಡಿದು ಮತ್ತೆ ಬಾರಿಸಿದ. ಮೂರು ಮೊಳ ದೂರ ಕುಳಿತ ನನಗೂ ಆ ಒಡಕು ಸದ್ದು ಕೇಳಿಸಿತು. ಅವನ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು, ಅವನಿಗೆ ಕೇಳಿಸಿರಲಿಲ್ಲ. ಅವನು ಎರಡು ತಿಂಗಳಿಂದ ಒಪ್ಪುತ್ತಿದ್ದುದು ನನ್ನ ತುಟಿಯ ಅಲುಗಾಟವನ್ನು. ಗೆಳೆಯನ ಕಿವಿ ಹೋದದ್ದನ್ನು ನನ್ನ ಗೆಲುವೆಂದು ತಿಳಿದುಕೊಂಡಿದ್ದೆನಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು.

ಅವನನ್ನು ಧಾರವಾಡದ ಕಿವಿಯ ದವಾಖಾನೆಗೆ ಕರೆದುಕೊಂಡು ಹೋದೆವು. ಎರಡೂ ಕಿವಿಯ ಹಿಂದೆ ಪುಟ್ಟ ಮಷೀನು ಕೂಡಿಸಿದರು. ಗಿರಾಕಿಗಳ ಮಾತು ಕೇಳಿಸಿತು, ಹೆಂಡತಿ ಗೌರವ್ವನ ಮಾತು ಬೇಡವೆಂದರೂ ಕೇಳಿಸಿತು, ಆದರೆ ಹಾಡು ಹಾಳಾಗಿತ್ತು. ಹಾರ್ಮೋನಿಯಂ ಪೇಟಿ ಹಿಟ್ಟಿನ ಗಿರಣಿಯಾಗಿತ್ತು; ತಂಬೂರಿ ತಗಡನ್ನು ಕೆರೆದಂತಾಗಿತ್ತು. ಮಷೀನು ಮಾತಿಗೆಂದು ಹೊಂದಿಸಿದ್ದು, ಹಾಡಿಗೆ ಕಿವಿ ಹೊಸದಾಗಿ ಕಲಿಯಬೇಕಾಗುತ್ತದೆ ಎಂದು ಅಲ್ಲಿ ಕಿವಿ ಪರೀಕ್ಷೆ ಮಾಡುವ ಹೆಣ್ಣುಮಗಳು ಹೇಳಿದ್ದರು. ಚೆನ್ನಾಗಿ ಬಾಯಿಪಾಠ ಬರುವ ಹಾಡಿನಿಂದ ಸುರುಮಾಡಿ, ದಿನಕ್ಕೆ ಸ್ವಲ್ಪವೇ ಕೇಳಲಿ, ನೆನಪು ಕಿವಿಯ ಕೈ ಹಿಡಿದು ನಡೆಸುತ್ತದೆ ಎಂದೂ ಹೇಳಿದ್ದರು. ಅಂಕ ಕೊಡುವವರು ಇನ್ನೊಬ್ಬರ ಮಾತನ್ನು ಅರ್ಧವೇ ಕೇಳಿಸಿಕೊಳ್ಳುತ್ತಾರೆ. ಬಾಯಿಪಾಠ ಬರುವುದರಿಂದ ಎಂದು ಅವರು ಹೇಳಿದರೆ, ಅತ್ಯುತ್ತಮವಾದುದರಿಂದ ಎಂದು ನಾನು ತಿಳಿದೆ.

ವಹಿ ತೆಗೆದು ಒಂಬತ್ತುಗಳಿಂದ ಆರಂಭಿಸಿದೆ. ಮಾರವಾ ಹಚ್ಚಿದರೆ, ಇಬ್ಬರು ಕೂಡಿ ಕಟ್ಟಿಗೆ ಕೊಯ್ಯುತ್ತಿದ್ದಾರೆಂದ. ಚೌಡಿಕಿಯಾಕೆಯ ಕೆಮ್ಮೊಂದು ಬಿಟ್ಟು ಬೇರೇನೂ ಹೊಂದಿ ಬರಲಿಲ್ಲ. ನಾಟ್ಯಸಂಗೀತ, ಗಜಲು, ಎಲ್ಲ ಮುಗಿದು ಐದರವರೆಗೆ ಇಳಿದು ಟ್ರ್ಯಾಕ್ಟರಿನ ಹಾಡುಗಳನ್ನೂ ಹಚ್ಚಿದೆ. ಢೋಲು ಎದೆಗೆ ತಾಗುತ್ತದೆ, ಮೇಲಿನದೆಲ್ಲ ಕಸ ಎಂದ. ಮೂರು ವಾರ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅವನು ಎರಡೂ ಮಷೀನು ತೆಗೆದು ಡಬ್ಬಿಯಲ್ಲಿಟ್ಟು, ಟೇಪಿನ ಗುಂಡಿಯನ್ನು ತಾನೇ ಒತ್ತಿ ನಿಲ್ಲಿಸಿದ.

“ಸೀನಾ, ನಾಳಿಂದ ಟೇಪ ತರಬ್ಯಾಡ. ಬರೇ ನೀ ಬಾ. ಹಾಡು ನನಗ ಮುಗೀತು.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ. ಅವನು ಸಮಾಧಾನದಿಂದ ಹೇಳಿದ, ಅದನ್ನೇ ನನಗೆ ತಾಳಿಕೊಳ್ಳಲಾಗಲಿಲ್ಲ. ಟೇಪನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಇಳಿದೆ. ಬುತ್ತಿ ತಂದಿದ್ದ ಗೌರವ್ವ ಕೆಳಗೆ ನಿಂತಿದ್ದಳು.

“ಅಣ್ಣಾರ, ನೀವಿಬ್ಬರೂ ಕೂಡಿ ಮಾಡಿದ್ದು ಒಂದು ಭಜನಿ ಕ್ಯಾಸೆಟ್ ಇತ್ತಲ್ರಿ, ಅದೊಂದು ಹಚ್ಚಿ ನೋಡ್ರಿ. ಅದು ಇವರಿಗೆ ನಿದ್ದಿಗಣ್ಣಾಗ ಕೇಳಿದ್ರೂ ಬರತೈತಿ.”

ಓದುಗರೇ, ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನನ್ನ ವಹಿಯಲ್ಲಿ ನಮೂದಾಗದ ಒಂದು ಆಲ್ಬಮ್ ಇದೆ, ಅದು ನನ್ನದೇ. ಇಪ್ಪತ್ತೈದರ ಹರೆಯದಲ್ಲಿ ನಮ್ಮ ಓಣಿಯ ಸೋಮವಾರದ ಭಜನಾ ಮೇಳದವರು ಧಾರವಾಡಕ್ಕೆ ಹೋಗಿ, ಎಲ್ಲಮ್ಮನ ಮೇಲಿನ ಪದಗಳನ್ನು ಹಾಡಿ ಒಂದು ಕ್ಯಾಸೆಟ್ ಮಾಡಿಸಿದ್ದೆವು. ಪೇಟಿ ಮತ್ತು ಮುಖ್ಯ ದನಿ ಈರಪ್ಪನದು, ಹಿಂದಿನ ದನಿ ಮತ್ತು ತಾಳ ನನ್ನದು. ಸವದತ್ತಿಯ ಗುಡ್ಡಕ್ಕೆ ಹೋಗುವ ಭಕ್ತರು ಕೊಳ್ಳಲೆಂದು ಉಗರಗೋಳದ ಅಂಗಡಿಯೊಂದರಲ್ಲಿ ಕಾಯಿ, ಬಳೆ, ಭಂಡಾರವೆಂಬ ಅರಿಸಿನಪುಡಿಯ ಪಕ್ಕದಲ್ಲಿ ಅವನ್ನು ಇಟ್ಟು ಬಂದೆವು. ಕೆಲವು ಹೋದವು, ಬಹಳಷ್ಟು ಉಳಿದವು. ಅಷ್ಟರಲ್ಲಿ ನಾನು ರಾಗಗಳ ಹೆಸರು ಕಲಿತು ರಸಿಕನೆನಿಸಿಕೊಳ್ಳುತ್ತಿದ್ದೆ. ಇಂಥ ಪುರಾವೆಯೊಂದು ಪೇಟೆಯಲ್ಲಿ ಬಿದ್ದಿರುವುದು ನನ್ನ ಗೌರವಕ್ಕೆ ಕುಂದೆನಿಸಿತು. ಒಂದು ದಿನ ಸದ್ದಿಲ್ಲದೆ ಹೋಗಿ ಉಳಿದವನ್ನೆಲ್ಲ ನಾನೇ ಕೊಂಡು ತಂದು, ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಎಲ್ಲ ಖರ್ಚಾಗಿವೆಯಂತೆ ಎಂದು ಈರಪ್ಪನಿಗೆ ಹೇಳಿದೆ. ಅವನು ಅಂದು ಇಡೀ ಪೇಟೆಗೆ ಪೇಢೆ ಹಂಚಿದ. ಅವನ ಸ್ವಂತದ ಪ್ರತಿ ಕೇಳಿ ಕೇಳಿ ಸವೆದು ಹರಿದುಹೋದಾಗಲೂ, ಇನ್ನೆಲ್ಲಿ ಸಿಗಬೇಕೆಂದು ನಾನು ಕೈ ಚೆಲ್ಲಿದ್ದೆ.

ಮರುದಿನ ಅಟ್ಟ ಹತ್ತಿದೆ. ಗಂಟು ಬಿಚ್ಚಿದಾಗ ಕೈಗೆಲ್ಲ ಹಳದಿ ಭಂಡಾರ ಮೆತ್ತಿತು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಒಂದು ಕ್ಯಾಸೆಟ್ ಆರಿಸಿಕೊಂಡು, ಟೇಪಿನೊಡನೆ ಅಂಗಡಿಗೆ ಹೋದೆ. ಈರಪ್ಪನ ಕಿವಿಯಲ್ಲಿ ಮಷೀನಿತ್ತು, ಗಿರಾಕಿಯೊಬ್ಬ ಆಗಷ್ಟೇ ಹೋಗಿದ್ದ. ಬೇಡವೆನ್ನಲು ಅವನು ಬಾಯಿ ತೆರೆಯುವುದರೊಳಗೆ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ, ಅದರ ಡಬ್ಬಿಯನ್ನು ಅವನ ಮುಂದಿಟ್ಟೆ. ಅವನು ಅದನ್ನು ತಿರುವಿ ಮುರುವಿ ನೋಡಿದ. ಎಲ್ಲಿಂದ ಬಂತೆಂದು ಕೇಳುತ್ತಾನೆಂದು ನಾನು ಕಾದೆ. ಕೇಳಲಿಲ್ಲ.

“ಪೇಢೆ ಹಂಚಿದ ಮ್ಯಾಲ ನನಗ ಗೊತ್ತಾಗಿತ್ತಲೇ,” ಎಂದ. “ಉಗರಗೋಳದ ಅಂಗಡ್ಯಾವ ಹೇಳಿದ್ದ. ಮಾರಾಟ ಆಗಲಿಲ್ಲಂತ ನಾ ಮನಸ್ಸಿಗೆ ಹಚ್ಕೋಬಾರದು ಅಂತ ನೀನ ಎಲ್ಲಾ ತಗೊಂಡಿ. ಅದಕ್ಕ ನಾನೂ ಕೇಳಲಿಲ್ಲ.”

ನಲವತ್ತು ವರ್ಷ ಅವನು ನನ್ನ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯ ಇದು. ಯಾವ ಆಲ್ಬಮ್ಮಿಗೂ ನಾನು ಅಷ್ಟು ಉದಾರವಾಗಿ ಅಂಕ ಕೊಟ್ಟವನಲ್ಲ. ಇನ್ನು ಸುಳ್ಳು ಸಾಗದೆನಿಸಿ, ಹಾಗಲ್ಲೋ ಈರಪ್ಪಾ, ಖರೆ ಹೇಳಬೇಕೆಂದರೆ ಎಂದು ಆರಂಭಿಸಿದೆ. ಅವನು ಕೈ ಎತ್ತಿ ನನ್ನನ್ನು ತಡೆದ.

“ಸುಮ್ನಿರು. ಕೇಳಸಾಕ ಹತ್ತೈತಿ.”

ಟೇಪಿನಲ್ಲಿ ಇಪ್ಪತ್ತೈದರ ಈರಪ್ಪ ದೇವಿಯನ್ನು ಕರೆಯುತ್ತಿದ್ದ, ಅರವತ್ತೈದು ದಾಟಿದ ಈರಪ್ಪ ತುಟಿ ಕದಲಿಸುತ್ತಿದ್ದ. ಅದರಲ್ಲಿ ನೆನಪೆಷ್ಟು, ಕಿವಿಯೆಷ್ಟು ಎಂದು ವಿಂಗಡಿಸುವ ಕೆಲಸಕ್ಕೆ, ಜನ್ಮದಲ್ಲಿ ಮೊದಲ ಸಲ, ನಾನು ಕೈಹಾಕಲಿಲ್ಲ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವನು ಮುಂದಿದ್ದ ಕೊಡದ ಮೇಲೆ ಬೆರಳಿನ ಗೆಣ್ಣಿನಿಂದ ತಾಳ ಹಾಕತೊಡಗಿದ. ಪಲ್ಲವಿಯ ಕಡೆಗೆ ತಿರುಗುವಲ್ಲಿ ಬೆರಳು ನಿಂತಿತು. ಅವನು ಹುಬ್ಬು ಗಂಟಿಕ್ಕಿ ಟೇಪನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಇಲ್ಲಿ ನಿನ್ನ ತಾಳ ಓಡೈತಿ ನೋಡು.”

ಹೌದು, ಓಡಿದೆ ಎಂದೆ. ಬಹಳ ಮೆಲ್ಲಗೆ ಹೇಳಿದ್ದೆ, ಅದೂ ಅವನಿಗೆ ಕೇಳಿಸಿತು.