ಬೋರ್ಡಿನವರು ಬದಲಿಸಿದ ಮಾತ್ರೆ

ಮನೆಯೊಳಗೂ ಟೋಪಿ ತೆಗೆಯದ ಬೋರ್ಡಿನವರ ಬಗ್ಗೆ, ಈ ಕಥೆ ಬರೆಯುವವನೂ ಸೇರಿ, ಬೀದಿಯವರಿಗೆಲ್ಲ ಒಂದೇ ಅಭಿಪ್ರಾಯ: ಗತ್ತು. ಟೋಪಿಯ ಕೆಳಗೆ, ಹಣೆಯ ಮೇಲೊಂದು ಹುಣ್ಣಿತ್ತೆಂದು ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಏಣಿ ಹತ್ತಿ ಅಂಗಡಿಗಳಿಗೆ ಬೋರ್ಡು ಬರೆದವರಿಗೆ ಬಿಸಿಲು ಕೊಟ್ಟ ಬಹುಮಾನ, ಚರ್ಮದ ಕ್ಯಾನ್ಸರ್.

ಗತ್ತೂ ಇತ್ತೆನ್ನಿ. ಡಾಕ್ಟರುಗಳ ಹೆಸರಿನ ಪಕ್ಕ ಪದವಿಗಳನ್ನು ಬರೆದೂ ಬರೆದೂ ತಾವೂ ಅರ್ಧ ಡಾಕ್ಟರೆಂದು ಅವರು ನಂಬಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು, ಬೋರ್ಡಿನವರೂ ಅದಕ್ಕೆ ಹೆಸರು ಕೊಟ್ಟರು. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಈ ಕ್ಯಾನ್ಸರನ್ನೂ ತಡೆದೀತೇ ಎಂದು ನೋಡುವುದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಥೇಟ್ ಹಾಗೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಕೊಡುವ ನರ್ಸಮ್ಮನಿಗೂ ತಿಳಿಯದು. ಮೂರು ತಿಂಗಳು ನುಂಗಿದ ಮೇಲೆ ಹುಣ್ಣನ್ನು ಕತ್ತರಿಸಿ ನೋಡುತ್ತಾರೆ.

ಅದೇ ಮಾತ್ರೆಯನ್ನು ಬೋರ್ಡಿನವರ ಹೆಂಡತಿ ತಮ್ಮ ಸಕ್ಕರೆ ಕಾಯಿಲೆಗೆ ಆರು ವರ್ಷದಿಂದ ನುಂಗುತ್ತಿದ್ದರು. ಶುರುವಿನಲ್ಲಿ ಹೊಟ್ಟೆ ಕೆಟ್ಟು ವಾರಗಟ್ಟಲೆ ಪೇಚಾಡಿದ್ದರು. ಇವರ ಹೊಟ್ಟೆ ಮಾತ್ರ ಕಲ್ಲಿನಂತೆ ಕೂತಿತ್ತು. ಅರ್ಧ ಡಾಕ್ಟರು ತೀರ್ಮಾನಕ್ಕೆ ಬಂದರು: ನನಗೆ ಸಿಕ್ಕಿದ್ದು ಪೊಳ್ಳು. ಆದರೆ ಉಳಿದ ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ನರ್ಸಮ್ಮ ಎಣಿಸುತ್ತಿದ್ದರು, ಮನೆಯಲ್ಲಿ ಹೆಂಡತಿ. ಹಾಗಾಗಿ ಕದಿಯಲಿಲ್ಲ, ಬದಲಿಸಿದರು. ಆಕೆಯದು ತಮ್ಮ ಡಬ್ಬಿಗೆ, ತಮ್ಮದು ಆಕೆಯ ಡಬ್ಬಿಗೆ. ಪೊಳ್ಳೆಂದು ಗೊತ್ತಿದ್ದೂ ಆಕೆಗೆ ನುಂಗಿಸುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚಿದಾಗ, ಅವಳದು ಹಳೇ ಕಾಯಿಲೆ, ಒಂದೆರಡು ತಿಂಗಳಿಗೆ ಏನಾದೀತು ಎಂದು ತಾವೇ ಸಮಾಧಾನ ಹೇಳಿಕೊಂಡರು.

ಆಕೆಯ ಸಕ್ಕರೆ ಏರಿತು. "ಕದ್ದುಮುಚ್ಚಿ ಏನು ತಿಂತಿದೀಯ? ಸ್ವಲ್ಪ ಬಾಯಿ ಕಟ್ಟು" ಎಂದು ಮೊದಲು ಗದರಿದವರೂ ಬೋರ್ಡಿನವರೇ. ಆಕೆ ಚಹಾ ಬಿಟ್ಟರು, ಮಹಡಿಯ ಮೇಲೆ ಗಾಣದೆತ್ತಿನಂತೆ ಸುತ್ತಿದರು. ಒಂದು ಮಧ್ಯಾಹ್ನ ಗಂಡನ ಅಂಗಿಯ ಗುಂಡಿ ಹೊಲಿಯಲು ಕೂತು, ಸೂಜಿ ಮುಂದೆ ಹಿಡಿದರು.

"ದಾರ ಪೋಣಿಸಿ ಕೊಡ್ರೀ. ಕಣ್ಣು ಮಂಜಾಗ್ತಿದೆ. ಬಾಯಿ ಕಟ್ಟಿದ್ದು ಸಾಲ್ದೇನೋ, ತಪ್ಪು ನಂದೇ."

ಬೋರ್ಡಿನವರು ಸೂಜಿ ತೆಗೆದುಕೊಂಡರು, ದಾರ ಪೋಣಿಸಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟರು.

ಆಕೆ ಅಂಗಿಯನ್ನು ಪಕ್ಕಕ್ಕಿಟ್ಟರು. "ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದೆ. ಅದಕ್ಕೇ ಕೇಳೋ ಧೈರ್ಯ ಬರ್ಲಿಲ್ಲ."

"ಬೈಯೋ ಧೈರ್ಯ ಮಾತ್ರ ಬಂತು." ಗುಂಡಿಯನ್ನು ಅಂಗಿಯ ಜೇಬಿಗೆ ಹಾಕಿ ಆಕೆಯೇ ಅಂದರು, "ನಾಳೆ ಆಸ್ಪತ್ರೇಲೂ ಹೇಳಿ. ನಿಮ್ಮ ಹಣೆ ನೋಡ್ಕೊಂಡು ಇನ್ನೆಷ್ಟು ಜನಕ್ಕೆ ಮದ್ದು ಬರೀತಾರೋ, ಪಾಪ."

ಮರುದಿನ ಡಾಕ್ಟರು ಪೂರ್ತಿ ಕೇಳಿ, ಪರೀಕ್ಷೆಯಿಂದ ಅವರ ಹೆಸರು ಹೊಡೆದುಹಾಕಿದರು. ಹುಣ್ಣು ಕತ್ತರಿಸಲು ಮುಂದಿನ ವಾರ ಬರಹೇಳಿದರು. ಹೆಂಡತಿಗೆ ಹೊಸ ಮಾತ್ರೆ ಬರೆದುಕೊಟ್ಟು, ಸಕ್ಕರೆ ಇಳಿದರೆ ಕಣ್ಣು ತಿಳಿಯಾಗಬಹುದು ಎಂದರು. ಆ 'ಬಹುದು' ಬೋರ್ಡಿನವರ ಎದೆಯಲ್ಲೇ ಕೂತಿತು.

ಇಷ್ಟನ್ನೂ ಪಕ್ಕದಲ್ಲೇ ನಿಂತು ಕೇಳಿದ್ದ ನರ್ಸಮ್ಮ, ಅಭ್ಯಾಸಬಲದಿಂದ ಕೊನೆಯ ಫಾರಂ ತೆರೆದು ಓದಿದರು. "ಮಾತ್ರೆಯಿಂದ ಅಡ್ಡಪರಿಣಾಮ ಏನಾದ್ರೂ ಆಯ್ತಾ?"

"ಆಯ್ತು," ಎಂದರು ಬೋರ್ಡಿನವರು. "ನಂಗಲ್ಲ, ನಮ್ಮನೆಯವಳಿಗೆ."